ನೆರೆನೀರಿಗೆ ಸಿಲುಕಿದ ಜೀಪು: ದುರಸ್ತಿಯೋ, ಹೊಸತೋ?

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನಲ್ಲಿ ವ್ಯಾಪಾರ ಮಾಡುವವರಿಗೆ ನೆರೆ ಹೊಸದೇನಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾಮಳೆಯನ್ನು ಮಾನ್ವಿ ಕಡೆಯ ತುಂಗಭದ್ರಾ ತೀರದವರು ಇನ್ನೂ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹರಿದಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿ ಶಹಾಪುರದ ಸಂಪರ್ಕ ಕಡಿದುಹೋಗಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನದಿಪಾತ್ರದವರು ಮತ್ತೊಮ್ಮೆ ಎಚ್ಚರದಿಂದ ಕಾಯಬೇಕಾಯಿತು.

ಇಂತಹ ಸಂದರ್ಭಗಳಲ್ಲಿ ಮೊದಲು ನೀರಿಗೆ ಸಿಲುಕುವುದು ಹಳ್ಳಿಹಳ್ಳಿಗೆ ತಿರುಗುವ ವಾಹನ. ಹತ್ತಿ ಖರೀದಿದಾರರ ಜೀಪು, ರೈಸ್ ಮಿಲ್ಲಿನ ಪಿಕಪ್, ಪಂಪ್‌ಸೆಟ್ ದುರಸ್ತಿಗಾರರ ಹಳೆಯ ಮಹೀಂದ್ರಾ ಮುಂತಾದವು ಡಾಂಬರು ರಸ್ತೆಗಿಂತ ಕಾಲುವೆ ಏರಿಯ ಮೇಲೂ ಎರೆಹೊಲದ ದಾರಿಯಲ್ಲೂ ಓಡುವುದೇ ಹೆಚ್ಚು. ನೀರು ಇಳಿದ ಮೇಲೆ ಮಾಲೀಕರು ಗ್ಯಾರೇಜಿನವರು ಕೊಟ್ಟ ಮೊದಲ ಅಂದಾಜನ್ನು ನೋಡಿ ತೀರ್ಮಾನಕ್ಕೆ ಬರುವುದು ವಾಡಿಕೆ. ಆ ಮೊತ್ತವೊಂದನ್ನೇ ನಂಬಿದರೆ ನಷ್ಟ ಎರಡು ಬಾರಿ ಆಗುತ್ತದೆ. ನೀರು ಎಲ್ಲಿಯವರೆಗೆ ಏರಿತ್ತು, ಎಷ್ಟು ಹೊತ್ತು ನಿಂತಿತ್ತು, ಅನಂತರ ಎಂಜಿನ್ ಚಾಲೂ ಮಾಡಲಾಯಿತೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಅಂದಾಜಿಗೆ ಅರ್ಥ ಬರುವುದು.

ಚಾಲೂ ಮಾಡುವ ಆತುರ

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಏರ್ ಕ್ಲೀನರ್ ಮೂಲಕ ಸಿಲಿಂಡರಿಗೆ ನೀರು ಹೊಕ್ಕಿರುವಾಗ ಕೀಲಿ ತಿರುಗಿಸಿದರೆ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಅಧಿಕವಾದುದರಿಂದ ಹಾನಿಯೂ ಅಧಿಕ. ಎಣ್ಣೆ ಬದಲಾವಣೆ ಮತ್ತು ಶುಚಿಗೊಳಿಸುವಿಕೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಇಡೀ ಎಂಜಿನ್ ಬಿಚ್ಚುವ ಮಟ್ಟಕ್ಕೆ ಹೋಗುವುದು ಈ ಒಂದು ಕ್ಷಣದಲ್ಲಿ. ವಿಮಾ ಕಂಪನಿಗಳೂ ಇದನ್ನು ನೆರೆಯಿಂದಾದ ಹಾನಿಯೆನ್ನದೆ ಅನಂತರ ಸಂಭವಿಸಿದ ಹಾನಿಯೆಂದು ವಾದಿಸಿ ಕ್ಲೇಮ್ ತಿರಸ್ಕರಿಸುವುದುಂಟು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಪಡೆದವರ ಮಾತು ಬೇರೆ.

ಆದುದರಿಂದ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಬೇಕು, ನೀರಿನ ಮಟ್ಟ ಕಾಣುವಂತೆ ಎಲ್ಲ ಬದಿಗಳಿಂದ ಛಾಯಾಚಿತ್ರ ತೆಗೆದಿಡಬೇಕು, ವಿಮಾ ಕಂಪನಿಗೆ ತಡಮಾಡದೆ ತಿಳಿಸಬೇಕು. ಬಳಿಕ ವಾಹನವನ್ನು ಎಳೆಸಿಕೊಂಡೇ ಒಯ್ಯತಕ್ಕದ್ದು. ದೇವದುರ್ಗ ಮತ್ತು ಮಾನ್ವಿ ಎರಡೂ ರಾಯಚೂರು ನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿವೆ. ಆ ಎಳೆಸುವ ಖರ್ಚನ್ನು ಉಳಿಸಲೆಂದು ‘ನೋಡೋಣ, ಚಾಲೂ ಆದೀತು’ ಎನ್ನುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ನುರಿತ ಮೆಕ್ಯಾನಿಕ್ ಇಂಜೆಕ್ಟರುಗಳನ್ನು ಬಿಚ್ಚಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡುತ್ತಾನೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆಯೆಂದೇ ಅರ್ಥ. ಫೋರ್ ವ್ಹೀಲ್ ಡ್ರೈವ್ ಜೀಪುಗಳಲ್ಲಿ ಇನ್ನೊಂದು ಅಪಾಯವಿದೆ. ಓಡಿ ಬಿಸಿಯಾದ ಆ್ಯಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಕೊಳವೆಯ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಸೀಟಿನವರೆಗೆ ನೀರು ಬಾರದಿದ್ದರೂ ಹಿಂದಿನ ಮುಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಮತ್ತು ಗೇರ್‌ಬಾಕ್ಸ್‌ಗಳ ಎಣ್ಣೆಯನ್ನು ಪರೀಕ್ಷಿಸಲೇಬೇಕೆಂಬುದು ಇದರಿಂದ. ಇದಕ್ಕೆ ತಗಲುವ ವೆಚ್ಚ ಅಲ್ಪ. ಬಿಟ್ಟರೆ ಕೆಲವೇ ತಿಂಗಳಲ್ಲಿ ಬೇರಿಂಗ್ ಕೂಗಲಾರಂಭಿಸುತ್ತದೆ.

ನಮ್ಮ ಭಾಗದ ಎರೆಮಣ್ಣಿನದು ಪ್ರತ್ಯೇಕ ಕಾಟ. ಅತಿ ನುಣುಪಾದ ಈ ಮಣ್ಣು ಬ್ರೇಕ್ ಡ್ರಮ್, ಡೈನಮೋ, ಸೆಲ್ಫ್ ಸ್ಟಾರ್ಟರ್, ರೇಡಿಯೇಟರ್ ಜಾಲರಿಗಳಲ್ಲಿ ಕುಳಿತು ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ವಾಹನವನ್ನು ಬಿಸಿಲಿಗೆ ಬಿಟ್ಟು ‘ಆರಲಿ’ ಎಂದು ಕಾಯುವುದಕ್ಕಿಂತ ಹಸಿಯಿರುವಾಗಲೇ ಬಿಚ್ಚಿ ತೊಳೆಸುವುದು ಲೇಸು.

ಹಳೆಯ ಜೀಪು, ಹೊಸ ಜೀಪು

2009ರ ನೆರೆಯ ಅನುಭವವನ್ನು ಇಂದಿಗೆ ಹಾಗೆಯೇ ಅನ್ವಯಿಸಲಾಗದು. ಅಂದಿನ ಬಹುಪಾಲು ಜೀಪುಗಳಲ್ಲಿ ಯಾಂತ್ರಿಕ ಡೀಸೆಲ್ ಪಂಪು ಹಾಗೂ ಬೆರಳೆಣಿಕೆಯ ತಂತಿಗಳಿದ್ದವು. ಅಂತಹ ವಾಹನ ಬಾನೆಟ್ಟಿನ ಮಟ್ಟಕ್ಕೆ ಮುಳುಗಿದ್ದರೂ, ಚಾಲೂ ಮಾಡದೆ ತಂದಿದ್ದರೆ, ದುರಸ್ತಿಗೆ ಅರ್ಹ. 50 ಅಶ್ವಶಕ್ತಿಯೊಳಗಿನ ಬಹುಪಾಲು ಟ್ರ್ಯಾಕ್ಟರುಗಳಿಗೂ ಇದೇ ಮಾತು ಸಲ್ಲುತ್ತದೆ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಮಾನದಂಡ ಜಾರಿಯಾದ ಮೇಲಿನ ಡೀಸೆಲ್ ವಾಹನಗಳ ಕಥೆಯೇ ಬೇರೆ. ಎಂಜಿನ್ ನಿಯಂತ್ರಿಸುವ ಇ.ಸಿ.ಯು., ಹೊಗೆ ಶೋಧಕ, ಹತ್ತಾರು ಸೆನ್ಸರುಗಳು ಮತ್ತು ಅವನ್ನು ಜೋಡಿಸುವ ವೈರಿಂಗ್ ಇವುಗಳಲ್ಲಿ ಸೇರಿವೆ. ನೀರು ನೆಲಹಾಸಿನವರೆಗೆ ಮಾತ್ರ ಬಂದಿದ್ದರೆ ಸಾಮಾನ್ಯವಾಗಿ ದುರಸ್ತಿ ಸೂಕ್ತ. ಡ್ಯಾಶ್‌ಬೋರ್ಡ್ ಮುಳುಗಿ ಒಂದೆರಡು ದಿನ ಹಾಗೆಯೇ ನಿಂತಿದ್ದರೆ ಬದಲಾವಣೆಯೇ ಸೂಕ್ತ. ತಂತಿಗಳ ಜೋಡಣೆಯಲ್ಲಿ ಹಸಿರು ಕಿಲುಬು ಹಿಡಿಯುವುದು ನಿಧಾನವಾಗಿ. ಗ್ಯಾರೇಜಿನಿಂದ ಚೆನ್ನಾಗಿ ಹೊರಟ ವಾಹನ ಮುಂದಿನ ಮುಂಗಾರಿನಲ್ಲಿ ನಡುದಾರಿಯಲ್ಲಿ ನಿಲ್ಲುವುದು ಇದೇ ಕಾರಣದಿಂದ.

ಲೆಕ್ಕದ ಮಾತು

ಮೂರನೆಯ ವ್ಯಕ್ತಿಯ ವಿಮೆ ಮಾತ್ರ ಇರುವವರಿಗೆ ನೆರೆಹಾನಿಯ ಬಾಬ್ತು ಒಂದು ಪೈಸೆಯೂ ದೊರೆಯದು. ಅವರು ದುರಸ್ತಿ ವೆಚ್ಚವನ್ನು ವಾಹನದ ಇಂದಿನ ಪೇಟೆ ಬೆಲೆಯೊಂದಿಗೆ ಹೋಲಿಸಬೇಕು. ಅರ್ಧವನ್ನು ಮೀರಿದರೆ ಇದ್ದಂತೆಯೇ ಮಾರುವುದು ವಿವೇಕ. ಏಕೆಂದರೆ ನೆರೆಗೆ ಸಿಲುಕಿದ ವಾಹನಕ್ಕೆ ದುರಸ್ತಿಯ ನಂತರವೂ ಹಿಂದಿನ ಬೆಲೆ ಬಾರದು.

ಸಮಗ್ರ ವಿಮೆ ಇದ್ದವರಲ್ಲಿ ಐ.ಡಿ.ವಿ. ಎಂದು ರೂಢಿಯಲ್ಲಿ ಕರೆಯುವ ವಿಮಾ ಘೋಷಿತ ಮೌಲ್ಯವೇ ಅಳತೆಗೋಲು. ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು, ವಾಹನವನ್ನು ತಂದು ದುರಸ್ತಿ ಮಾಡುವ ಒಟ್ಟು ವೆಚ್ಚ ಈ ಮೌಲ್ಯದ ಶೇ. 75ನ್ನು ಮೀರಿದರೆ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ದುರಸ್ತಿ. ಆಗ ಬಿಡಿಭಾಗಗಳ ಸವಕಳಿ ಕಡಿತವಾಗುತ್ತದೆ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇ. 50, ಗಾಜಿಗೆ ಇಲ್ಲ, ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ.

ಉದಾಹರಣೆಗೆ, ನಾಲ್ಕು ವರ್ಷ ದಾಟಿದ, ಐದು ತುಂಬದ ಒಂದು ಜೀಪಿನ ಐ.ಡಿ.ವಿ. ರೂ. 5,00,000 ಎಂದಿಟ್ಟುಕೊಳ್ಳೋಣ. ದುರಸ್ತಿ ಅಂದಾಜು ರೂ. 3,20,000. ಶೇ. 75ರ ಗೆರೆ ರೂ. 3,75,000 ಆದುದರಿಂದ ಇದು ಪೂರ್ಣ ನಷ್ಟವಲ್ಲ. ಅಂದಾಜಿನಲ್ಲಿ ಕೂಲಿ ರೂ. 80,000, ರಬ್ಬರ್ ಮತ್ತು ಪ್ಲಾಸ್ಟಿಕ್ ರೂ. 60,000, ಲೋಹದ ಭಾಗಗಳು ರೂ. 1,80,000. ಈ ವಯಸ್ಸಿಗೆ ಲೋಹದ ಸವಕಳಿ ಶೇ. 35. ಹೀಗಾಗಿ ಕಡಿತ ರೂ. 30,000 ಹಾಗೂ ರೂ. 63,000, ಒಟ್ಟು ರೂ. 93,000 ಮಾಲೀಕನ ಪಾಲು. ಕಡ್ಡಾಯ ಕಡಿತ ಇದರ ಮೇಲೆ. ನೆರೆಯ ನಂತರ ಗ್ಯಾರೇಜುಗಳಲ್ಲಿ ಸರದಿ ಉದ್ದವಾಗಿರುತ್ತದೆ. ಹತ್ತಿ ಆವಕದ ಕಾಲದಲ್ಲಿ 45 ದಿನ ದಿನಕ್ಕೆ ರೂ. 2,000ರಂತೆ ಬಾಡಿಗೆ ವಾಹನ ಹಿಡಿದರೆ ಇನ್ನೂ ರೂ. 90,000. ಅಂದಾಜಿನ ಹಾಳೆಯಲ್ಲಿ ಎಲ್ಲಿಯೂ ಕಾಣದ ಈ ಮೊತ್ತ ಸವಕಳಿಯಷ್ಟೇ ದೊಡ್ಡದು. ಸವಕಳಿ ರಹಿತ ಹೆಚ್ಚುವರಿ ವಿಮೆಯಿದ್ದರೆ ಮೊದಲ ಮೊತ್ತದ ಬಹುಭಾಗ ಉಳಿಯುತ್ತದೆ, ಎರಡನೆಯದಲ್ಲ.

ಮೊದಲ ಅಂದಾಜು ಗೆರೆಯ ಸಮೀಪವಿದ್ದಲ್ಲಿ, ವಾಹನವನ್ನು ಪೂರ್ತಿ ಬಿಚ್ಚಿ ನೋಡಿ ಪೂರಕ ಅಂದಾಜು ಸಿದ್ಧಪಡಿಸುವಂತೆ ಮತ್ತು ಸರ್ವೇಯರ್ ಅದನ್ನು ಪರಿಶೀಲಿಸುವಂತೆ ಕೇಳುವ ಹಕ್ಕನ್ನು ಮಾಲೀಕರು ಬಿಡಬಾರದು. ಅವಸರದಲ್ಲಿ ದುರಸ್ತಿಗೆ ಒಪ್ಪಿ, ಅರ್ಧದಾರಿಯಲ್ಲಿ ಇ.ಸಿ.ಯು. ಕೆಟ್ಟಿದೆಯೆಂದು ತಿಳಿದಾಗ ಹಿಂದಿರುಗುವುದು ಕಷ್ಟ.

ಸರಕು ವಾಹನವಾಗಿ ನೋಂದಣಿಯಾದ ಪಿಕಪ್‌ಗಳ ಪಾಲಿಸಿಯಲ್ಲಿ ದೀಪ, ಟೈರು, ಮಡ್‌ಗಾರ್ಡ್, ಬಂಪರ್ ಮತ್ತು ಬಣ್ಣಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟದ ಹೊರತು ಭಾಗಶಃ ಹಾನಿಯಲ್ಲಿ ಪರಿಹಾರವಿರುವುದಿಲ್ಲ. ಖಾಸಗಿ ನೋಂದಣಿಯ ಜೀಪಿನಲ್ಲಿ ಬಾಡಿಗೆಗೆ ಮಾಲು ಸಾಗಿಸುತ್ತಿದ್ದುದು ಗೊತ್ತಾದರೆ ಕ್ಲೇಮಿಗೇ ಧಕ್ಕೆ.

ತೆರಿಗೆಯ ಬದಲಾವಣೆಯೂ ತಕ್ಕಡಿಯನ್ನು ಸ್ವಲ್ಪ ಅತ್ತಿತ್ತ ಮಾಡಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ನಾಲ್ಕು ಮೀಟರ್ ಉದ್ದದೊಳಗಿನ, 1500 ಸಿ.ಸಿ. ಮೀರದ ಡೀಸೆಲ್ ವಾಹನಗಳಿಗೆ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40. ಸಣ್ಣ ಜೀಪು ಮತ್ತು ಟ್ರ್ಯಾಕ್ಟರ್ ಇರುವವರಿಗೆ ಹೊಸತು ಕೊಳ್ಳುವುದು ಮೊದಲಿನಷ್ಟು ಭಾರವಲ್ಲ. ಹದಿಮೂರು ಆಸನದೊಳಗಿನ ಪ್ರಯಾಣಿಕ ವಾಹನದ ಖರೀದಿ, ದುರಸ್ತಿಗಳ ಮೇಲೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದು. ಸರಕು ವಾಹನದ ಮೇಲೆ ದೊರೆಯುತ್ತದೆ. ಜಮೆಗೆ ಅರ್ಹರಾದವರು ಅಂದಾಜನ್ನು ತೆರಿಗೆ ಕಳೆದು ನೋಡತಕ್ಕದ್ದು. ವಿನಾಯಿತಿ ಪಡೆದ ಸರಕಿನ ವ್ಯಾಪಾರಿಗಳಿಗೂ ರಾಜಿ ತೆರಿಗೆ ಪದ್ಧತಿಯವರಿಗೂ ಈ ಲಾಭವಿಲ್ಲ.

ಪೂರ್ಣ ನಷ್ಟವೆಂದು ಇತ್ಯರ್ಥವಾದಾಗ ಗುಜರಿ ವಾಹನ ಯಾರ ಪಾಲಿಗೆ ಎಂಬುದನ್ನು ಲಿಖಿತದಲ್ಲಿ ಪಡೆಯಬೇಕು. ಮಾಲೀಕನೇ ಇಟ್ಟುಕೊಂಡರೆ ಅದರ ಬೆಲೆ ಪರಿಹಾರದಲ್ಲಿ ಮುರಿದುಕೊಳ್ಳಲಾಗುವುದು. ಮೋಟಾರು ವಾಹನ ಕಾಯ್ದೆಯ 55ನೆಯ ಕಲಮಿನಂತೆ, ನಾಶವಾದ ಅಥವಾ ಶಾಶ್ವತವಾಗಿ ಬಳಕೆಗೆ ಬಾರದ ವಾಹನದ ವಿಷಯವನ್ನು ಹದಿನಾಲ್ಕು ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಛೇರಿಗೆ ತಿಳಿಸಿ ನೋಂದಣಿ ಪತ್ರ ಒಪ್ಪಿಸತಕ್ಕದ್ದು. ಬದಲಿಗೆ, ಹೆಸರು ವರ್ಗಾಯಿಸದೆ ಗುಜರಿಯವರಿಗೆ ಪತ್ರಸಹಿತ ಕೊಟ್ಟುಬಿಡುವ ಪರಿಪಾಠ ಅನೇಕರಲ್ಲಿದೆ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿದೆ. ಆ ವಾಹನ ಬೇರೆಲ್ಲೋ ದುರಸ್ತಿಯಾಗಿ ಓಡಾಡಿ ಅಪಘಾತ ಮಾಡಿದರೆ, ಪರಿಹಾರದ ನೋಟೀಸು ಬರುವುದು ಕೆ.ಎ. 36ರ ಆ ಹಳೆಯ ಪತ್ರದಲ್ಲಿ ಹೆಸರುಳ್ಳ ವರ್ತಕನ ಅಂಗಡಿಗೇ.