ಹಿಟ್ಟು ಉಬ್ಬಿಸುವುದು ಯಾರು?

ಏಪ್ರಿಲ್ ತಿಂಗಳಲ್ಲಿ ಕೊಪ್ಪದ ಮನೆಗಳಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಮುಚ್ಚಳ ಎತ್ತಿ ಹೊರಗೆ ಹರಿದಿರುತ್ತದೆ. ಅದೇ ಅಡುಗೆಮನೆಯಲ್ಲಿ, ಅದೇ ಸೆಕೆಯಲ್ಲಿ ಇಟ್ಟ ಸಾವರ್‌ಡೋ ಬ್ರೆಡ್ಡಿನ ಹಿಟ್ಟು ಮಾತ್ರ ಮೂಗಿಗೆ ಬಡಿಯುವಷ್ಟು ಹುಳಿಯಾಗಿ, ನೀರುನೀರಾಗಿ, ಕೈಗೆಲ್ಲ ಮೆತ್ತಿಕೊಂಡು, ಓವನ್ನಿಗೆ ಹಾಕಿದರೆ ಚಪ್ಪಟೆಯಾಗಿ ಕೂತುಬಿಡುತ್ತದೆ. ಅಂಗಡಿಯ ಯೀಸ್ಟ್ ಹಾಕದೆ, ಗೋಧಿ ಹಿಟ್ಟಿಗೆ ನೀರು ಕಲಸಿ ದಿನವೂ ಒಂದಿಷ್ಟು ತೆಗೆದು ಹೊಸ ಹಿಟ್ಟು ಸೇರಿಸುತ್ತ, ತಾನಾಗಿ ಹುದುಗಿದ ಆ ಹುಳಿಹಿಟ್ಟಿನಿಂದಲೇ ಬ್ರೆಡ್ ಮಾಡುವ ಪದ್ಧತಿ ಇದು. ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದವರ ಜೊತೆಗೆ ನಮ್ಮ ಕಡೆಯ ಕೆಲವು ಮನೆಗಳಿಗೂ ಬಂತು. ಗಾಜಿನ ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹಿಟ್ಟು ಎಷ್ಟು ಏರಿತು ಎಂದು ಗಂಟೆಗೊಮ್ಮೆ ಇಣುಕುವವರನ್ನು ಕಂಡು ಪಕ್ಕದ ಮನೆಯ ಅತ್ತೆ, "ಇಷ್ಟೊತ್ತಿಗೆ ಎರಡು ಸರ್ತಿ ದೋಸೆ ಹೊಯ್ದಾಗ್ತಿತ್ತು ಮಾರಾಯ್ತಿ" ಎನ್ನುತ್ತಾರೆ.

ಮಾತಿನಲ್ಲಿ ಕೊಂಕಿದೆ. ಆದರೆ ಅದರೊಳಗೆ ಒಂದು ಒಳ್ಳೆಯ ಪ್ರಶ್ನೆಯೂ ಇದೆ. ಎರಡೂ ತಾನಾಗಿ ಹುದುಗುವ ಹಿಟ್ಟು, ಎರಡಕ್ಕೂ ಹೊರಗಿನಿಂದ ಏನೂ ಹಾಕಿಲ್ಲ. ಸೆಕೆ ಒಂದಕ್ಕೆ ಒಗ್ಗಿ ಇನ್ನೊಂದಕ್ಕೆ ಒಗ್ಗದಿರುವುದು ಯಾಕೆ? ಇದರ ಉತ್ತರ ಒಂದೇ ಕಡೆ ಸಿಕ್ಕಿದ್ದಲ್ಲ. ಒಬ್ಬರನ್ನೊಬ್ಬರು ನೋಡಿ ಹೊರಡದ ಸಂಶೋಧಕರು ಬೇರೆ ಬೇರೆ ಊರುಗಳಲ್ಲಿ ಅದರ ಒಂದೊಂದು ತುಂಡನ್ನು ಹುಡುಕಿ ತೆಗೆದರು.

ಹಿಟ್ಟು ಉಬ್ಬಬೇಕಾದರೆ ಗಾಳಿ ಬೇಕು, ಆ ಗಾಳಿ ಕೊಡುವುದು ಯೀಸ್ಟ್. ಪಾಶ್ಚರ್ ಕಾಲದಿಂದಲೂ ಪ್ರಯೋಗಾಲಯಗಳಲ್ಲಿ ಗಟ್ಟಿಯಾಗಿ ಕೂತಿದ್ದ ತಿಳಿವಳಿಕೆ ಇದು. ಬ್ಯಾಕ್ಟೀರಿಯಾ ಹುಳಿ ಬರಿಸಲಿ, ಉಬ್ಬಿಸುವ ಕೆಲಸ ಯೀಸ್ಟಿನದು ಎಂದು ಪಾಲು ಹಂಚಿಯಾಗಿತ್ತು. ಬ್ರೆಡ್ ತಿನ್ನುವ ದೇಶಗಳಲ್ಲಿ ಇದನ್ನು ಅನುಮಾನಿಸುವ ಕಾರಣವೂ ಇರಲಿಲ್ಲ.

ಇಡ್ಲಿ ಹಿಟ್ಟನ್ನು ನಮ್ಮವರೇ ಮೊದಲು ಪ್ರಯೋಗಾಲಯಕ್ಕೆ ಒಯ್ದರು ಎಂಬುದನ್ನು ಇಲ್ಲಿ ಹೇಳಬೇಕು. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಸಂಗಡಿಗರು ಇಡ್ಲಿ ಹಿಟ್ಟು ಹುದುಗುವಾಗ ಅದರಲ್ಲಿ ಆಗುವ ಬದಲಾವಣೆಗಳನ್ನು 1960ರಲ್ಲಿ ಪ್ರಕಟಿಸಿದರು. ಐದು ವರ್ಷಗಳ ನಂತರ, ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನ ಕೃಷಿ ಪ್ರಯೋಗ ಕೇಂದ್ರದಿಂದ ಎಸ್.ಕೆ. ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದವರ ಪ್ರಬಂಧ ಬಂತು. ಹಿಟ್ಟು ಹುದುಗುತ್ತ ಹೋದಂತೆ ಯಾವ ಜೀವಿ ಮೊದಲು ಏಳುತ್ತದೆ, ಯಾವುದು ನಂತರ ಎಂದು ಅವರು ಬೆನ್ನು ಹತ್ತಿದ್ದರು. ಉಬ್ಬಿಗೆ ಕಾರಣವಾಗಿ ಸಿಕ್ಕಿದ್ದು ಯೀಸ್ಟ್ ಅಲ್ಲ, ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಅದು ಹುಳಿಯನ್ನೂ ಕೊಡುತ್ತದೆ, ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಬರುವುದೂ ಉದ್ದು ಅಕ್ಕಿಯ ಮೈಮೇಲೆಯೇ. ಬರೀ ಬ್ಯಾಕ್ಟೀರಿಯಾದಿಂದ ಹಿಟ್ಟು ಉಬ್ಬುವುದು ಹೀಗೆ ದಾಖಲಾದದ್ದು ಅದೇ ಮೊದಲು. ಆಮೇಲೆ ಬೇರೆಯವರು ಇಡ್ಲಿ ಹಿಟ್ಟಿನಲ್ಲಿ ಯೀಸ್ಟುಗಳನ್ನೂ ಕಂಡರು, ನಿಜ. ಆದರೆ ಅವಿಲ್ಲದೆಯೂ ಇಡ್ಲಿ ಉಬ್ಬುತ್ತದೆ ಎಂಬ ಮಾತು ನಿಂತಿತು.

ಇತ್ತ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಹುಡುಕಾಟ. ಸ್ಯಾನ್‌ಫ್ರಾನ್ಸಿಸ್ಕೋದ ಹುಳಿ ಬ್ರೆಡ್ಡಿಗೆ ಚಿನ್ನ ಹುಡುಕಿ ಜನ ಮುಗಿಬಿದ್ದ 1849ರ ಕಾಲದಿಂದ ಹೆಸರಿದೆ. ಆ ಊರಿನ ಗಾಳಿ, ಮಂಜು ಬಿಟ್ಟು ಬೇರೆಲ್ಲಿಯೂ ಆ ರುಚಿ ಬಾರದು ಎಂಬುದು ಅಲ್ಲಿನ ಬೇಕರಿಯವರ ನಂಬಿಕೆ. (ಕೆರೆಯ ನೀರಿಲ್ಲದೆ ಈ ಸಾರು ಆಗದು, ನಮ್ಮೂರ ಮಣ್ಣಿಲ್ಲದೆ ಈ ಬದನೆ ಆಗದು ಎನ್ನುವವರು ನಮ್ಮಲ್ಲೇನು ಕಡಿಮೆಯೇ!) ಹತ್ತಿರದ ಆಲ್ಬನಿಯಲ್ಲಿದ್ದ ಸರ್ಕಾರಿ ಕೃಷಿ ಪ್ರಯೋಗಾಲಯದ ಲಿಯೋ ಕ್ಲೈನ್ ಮತ್ತು ಫ್ರಾಂಕ್ ಸುಗಿಹಾರ ಬೇಕರಿಗಳ ಹುಳಿಹಿಟ್ಟನ್ನು ತರಿಸಿ ನೋಡಿದರು. ಯೀಸ್ಟ್ ಬೇಗ ಸಿಕ್ಕಿತು, ಆದರೆ ಅದು ಬೇಕರಿಯ ಮಾಮೂಲಿ ಯೀಸ್ಟ್ ಅಲ್ಲ. ಹಿಟ್ಟಿನಲ್ಲಿ ಧಾರಾಳವಾಗಿರುವ ಮಾಲ್ಟೋಸ್ ಸಕ್ಕರೆಯನ್ನು ಅದು ಮುಟ್ಟುವುದೇ ಇಲ್ಲ. ಹುಳಿ ಕೊಡುವ ಬ್ಯಾಕ್ಟೀರಿಯಾ ಮಾತ್ರ ಕೈಗೆ ಸಿಗದೆ ಆಟವಾಡಿಸಿತು. ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಬೆಳೆಸುವ ಯಾವ ಆಹಾರವೂ ಅದಕ್ಕೆ ಒಗ್ಗಲಿಲ್ಲ. ಮಾಲ್ಟೋಸ್ ಕೊಟ್ಟು, ತಾಜಾ ಯೀಸ್ಟಿನ ಸಾರ ಸೇರಿಸಿ, ಸ್ವಲ್ಪ ಹುಳಿಯಾಗಿಟ್ಟಾಗ ಅದು ತಲೆಯೆತ್ತಿತು. ಯೀಸ್ಟ್ ಬಿಟ್ಟ ಸಕ್ಕರೆಯೇ ಇದಕ್ಕೆ ಊಟ. ಒಂದರ ತುತ್ತಿಗೆ ಇನ್ನೊಂದು ಕೈ ಹಾಕದ ಕಾರಣ ಎರಡೂ ಒಂದೇ ಬಾಟಲಿಯಲ್ಲಿ ವರ್ಷಗಟ್ಟಲೆ ಸಂಸಾರ ಮಾಡುತ್ತವೆ. ಒಂದು ಯೀಸ್ಟಿಗೆ ಸುಮಾರು ನೂರು ಬ್ಯಾಕ್ಟೀರಿಯಾ, ಇದು ಅವರು ಕಂಡ ಲೆಕ್ಕ. 1970–71ರಲ್ಲಿ ಇದೆಲ್ಲ ಪ್ರಕಟವಾಯಿತು, ಬ್ಯಾಕ್ಟೀರಿಯಾಕ್ಕೆ ಊರಿನ ಹೆಸರನ್ನೇ ಇಟ್ಟರು. ಆಮೇಲೆ ನೋಡಿದರೆ ಜರ್ಮನಿಯ ಹುಳಿಹಿಟ್ಟಿನಲ್ಲಿಯೂ ಅದೇ! ಊರಿನ ಗಾಳಿಯ ಮಾತು ಅಲ್ಲಿಗೆ ಬಿತ್ತು, ಹೆಸರು ಮಾತ್ರ ಉಳಿಯಿತು.

ಕೊಪ್ಪದವರಿಗೆ ಬೇಕಾದ ಸಂಗತಿ ಬಂದದ್ದು ಇನ್ನೂ ತಡವಾಗಿ, 1998ರಲ್ಲಿ. ಜರ್ಮನಿಯ ಮೈಕೆಲ್ ಗೆಂಜ್ಲೆ ಮತ್ತು ಸಂಗಡಿಗರು ಈ ಜೋಡಿಯನ್ನೇ ಹಿಡಿದು, ಯಾವ ಬಿಸಿಯಲ್ಲಿ ಯಾರು ಎಷ್ಟು ವೇಗವಾಗಿ ಬೆಳೆಯುತ್ತಾರೆ ಎಂದು ಅಳೆದರು. ಯೀಸ್ಟಿಗೆ ಹಿತವಾದದ್ದು 27 ಡಿಗ್ರಿಯ ಆಸುಪಾಸು, ಬ್ಯಾಕ್ಟೀರಿಯಾಕ್ಕೆ 32ರ ಆಸುಪಾಸು. 35–36 ದಾಟಿದರೆ ಆ ಯೀಸ್ಟ್ ಕೈಚೆಲ್ಲುತ್ತದೆ. ಮನೆಮನೆಯ ಬಾಟಲಿಯಲ್ಲಿ ಸೇರುವ ಯೀಸ್ಟ್ ಬೇರೆ ಬೇರೆ ಇರಬಹುದು, ಬೇಕರಿಯ ಯೀಸ್ಟಿನ ಜಾತಿಯದಾದರೆ ಸೆಕೆಯನ್ನು ಇನ್ನಷ್ಟು ತಡೆದೀತು. ಆದರೂ ಬಿಸಿ ಏರಿದಂತೆ ಹುಳಿ ಓಡುತ್ತದೆ, ಉಬ್ಬು ಹಿಂದೆ ಬೀಳುತ್ತದೆ. ಹುಳಿ ಜಾಸ್ತಿಯಾದಾಗ ಗೋಧಿಯೊಳಗೇ ಇರುವ ಕಿಣ್ವಗಳು ಚುರುಕಾಗಿ, ಗಾಳಿ ಹಿಡಿದಿಡಬೇಕಾದ ಗ್ಲುಟನ್ ಎಳೆಗಳನ್ನು ಕಡಿಯತೊಡಗುತ್ತವೆ. ಏಪ್ರಿಲ್‌ನ ಬ್ರೆಡ್ಡಿಗೆ ಹೀಗೆ ಎರಡೂ ಕಡೆಯಿಂದ ಏಟು: ಗಾಳಿಯೂ ಕಡಿಮೆ, ಇದ್ದ ಗಾಳಿಯನ್ನು ಹಿಡಿಯುವ ಬಲೆಯೂ ಹರಿದದ್ದು.

ದೋಸೆ ಹಿಟ್ಟಿನಲ್ಲಿ ಹುಳಿ ಕೊಡುವ ಬ್ಯಾಕ್ಟೀರಿಯಾವೇ ಉಬ್ಬಿಸುವುದರಿಂದ, ಹುಳಿ ಓಡಿದರೆ ಉಬ್ಬೂ ಜೊತೆಗೇ ಓಡುತ್ತದೆ. ಹಾಗಾದರೆ ಉದ್ದಿನಲ್ಲಿ ಗಾಳಿ ಹಿಡಿಯುವುದು ಯಾವುದು? ಉದ್ದಿನಲ್ಲಿ ಗ್ಲುಟನ್ ಇಲ್ಲವಲ್ಲ. ಇದನ್ನು ಬಿಡಿಸಿದ್ದು ಮತ್ತೆ ಮೈಸೂರು. ಅದೇ ಸಂಸ್ಥೆಯ ಎನ್.ಎಸ್. ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್ 1974ರಲ್ಲಿ, ಮತ್ತೆ 1979ರಲ್ಲಿ ತೋರಿಸಿಕೊಟ್ಟದ್ದು ಇಷ್ಟು. ಉದ್ದಿನ ಗ್ಲೋಬ್ಯುಲಿನ್ ಪ್ರೋಟೀನು ರುಬ್ಬುವಾಗ ನೊರೆ ಕಟ್ಟುತ್ತದೆ. ಅರಾಬಿನೋಗ್ಯಾಲಕ್ಟನ್ ಎಂಬ ಲೋಳೆ ಆ ನೊರೆಯನ್ನು ಒಡೆಯದ ಹಾಗೆ ಹಿಡಿದು ನಿಲ್ಲಿಸುತ್ತದೆ, ಇಡ್ಲಿ ಪಾತ್ರೆಯ ಹಬೆಯಲ್ಲೂ ಅದು ಬಿಡುವುದಿಲ್ಲ. ಉದ್ದಿನ ಹಿಟ್ಟಿನ ಒಂದು ಹನಿಯನ್ನು ನೀರಿಗೆ ಬಿಟ್ಟು ತೇಲುತ್ತದೆಯೇ ಎಂದು ನೋಡುವ ಹೆಂಗಸರು ಪರೀಕ್ಷಿಸುತ್ತಿದ್ದದ್ದು ಈ ನೊರೆಯನ್ನೇ. ನನಗೆ ಈ ಇಡೀ ಕತೆಯಲ್ಲಿ ಅತಿ ಚೆಂದ ಕಾಣುವುದು ಈ ಮೈಸೂರಿನ ಕೆಲಸ, ಹೊರಗಿನವರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ.

ಉದ್ದಿನ ಈ ನಂಟು ಹಳೆಯದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಮಾತು ಬರುತ್ತದೆ, ಅಕ್ಕಿಯ ಸುದ್ದಿ ಇಲ್ಲ. ಅಕ್ಕಿ ಬಂದು ಸೇರಿದ್ದು ಆಮೇಲೆ. ಉದ್ದು ಮಾತ್ರ ಮೊದಲಿನಿಂದಲೂ ಇದೆ. ಸೆಕೆಯ ನಾಡಿನಲ್ಲಿ ಯೀಸ್ಟೇ ಬೇಕೆಂದವರು ಬೇರೆ ದಾರಿ ಕಂಡುಕೊಂಡರು. ಎನ್.ಆರ್. ಪುರದ ಸುತ್ತ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ಅಪ್ಪದ ಹಿಟ್ಟಿಗೆ ಕಳ್ಳು ಬೆರೆಸುವುದುಂಟು, ಗೋವಾದಲ್ಲಿ ಪೋರ್ಚುಗೀಸರ ಕಾಲದ ಬ್ರೆಡ್ಡೂ ಕಳ್ಳಿನಿಂದಲೇ ಉಬ್ಬುತ್ತಿತ್ತು. ಕಳ್ಳಿನ ಯೀಸ್ಟ್ ನಮ್ಮ ಬಿಸಿಲಿನಲ್ಲೇ ಹುಟ್ಟಿ ಬೆಳೆದದ್ದು.

ಇನ್ನು ಗೋಧಿಯನ್ನೇ ಹುದುಗಿಸಿ ಬ್ರೆಡ್ ಮಾಡುತ್ತೇವೆ ಎನ್ನುವವರು ಏಪ್ರಿಲ್‌ನಲ್ಲಿ ಬ್ಯಾಕ್ಟೀರಿಯಾದ ಓಟಕ್ಕೆ ತಡೆ ಹಾಕಬೇಕು. ಹುಳಿಹಿಟ್ಟಿನ ಪ್ರಮಾಣ ಇಳಿಸಬೇಕು. ತಣ್ಣನೆ ದೇಶದವರ ಪಾಕವಿಧಾನ ಹಿಟ್ಟಿನ ತೂಕದ ಐದನೇ ಒಂದು ಪಾಲು ಹಾಕಲು ಹೇಳಿದರೆ ಇಲ್ಲಿ ಹತ್ತನೇ ಒಂದಕ್ಕೂ ಕಡಿಮೆ ಸಾಕು. ಕಲಸುವ ನೀರು ಫ್ರಿಜ್‌ನದಾಗಲಿ, ಉಪ್ಪು ಮೊದಲೇ ಬೀಳಲಿ. ಬಾಟಲಿಯ ಹುಳಿಹಿಟ್ಟನ್ನು ಅದು ಪೂರ್ತಿ ಏರಿದ ಹೊತ್ತಿಗೇ ಬಳಸಬೇಕು, ಕುಸಿದ ಮೇಲೆ ಅದು ಬರೀ ಹುಳಿ. ಕಲಸಿದ ಹಿಟ್ಟು ಎರಡು ಪಟ್ಟಾಗಲಿ ಎಂದು ಕಾಯದೆ, ಒಂದೂವರೆ ಪಟ್ಟು ಏರುತ್ತಲೇ ಉಂಡೆ ಮಾಡಿ ಫ್ರಿಜ್‌ಗೆ ಸೇರಿಸಿ ಬೆಳಗ್ಗೆ ಬೇಯಿಸುವುದು ಲೇಸು. ಶೃಂಗೇರಿ, ಕೊಪ್ಪದ ಕಡೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಈ ಲೆಕ್ಕವೆಲ್ಲ ತಿರುಗುಮುರುಗು. ಆಗ ದೋಸೆ ಹಿಟ್ಟು ಏಳದೆ ಅದನ್ನು ಬಚ್ಚಲೊಲೆಯ ಹತ್ತಿರ ಇಡುತ್ತೇವೆ. ಸಾವರ್‌ಡೋಗೆ ಮಾತ್ರ ಇಡೀ ವರ್ಷದಲ್ಲಿ ಅದೇ ಸುಗ್ಗಿ, ಕರೆಂಟು ಹೋಗದಿದ್ದರೆ.