ಪಿಕಲ್‌ಬಾಲ್ ಅಂಕಣದಲ್ಲಿ ನಮ್ಮ ಮಟ್ಟ ಯಾವುದು?

ಆರೋಗ್ಯಕ್ಕಾಗಿ ಆಟವಾಡಬೇಕೆಂದು ಹೊರಡುವವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಯಾವ ಆಟವನ್ನು ಆಡಬೇಕು ಎಂಬುದು ಮೊದಲನೆಯದು. ಆ ಆಟದಲ್ಲಿ ನಾನು ಯಾವ ಮಟ್ಟದಲ್ಲಿದ್ದೇನೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಅನೇಕರು ಕಂಡುಕೊಂಡಿರುವ ಉತ್ತರ ಪಿಕಲ್‌ಬಾಲ್. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಇದರ ಅಂಕಣಗಳು ಎದ್ದಿವೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು ಅಲ್ಲಿನ ಉದ್ಯಾನಗಳಲ್ಲಿ ಈ ಆಟವನ್ನು ಕಂಡು, ಕಲಿತು, ಇಲ್ಲಿಯೂ ಮುಂದುವರಿಸುತ್ತಿದ್ದಾರೆ. ಎರಡನೆಯ ಪ್ರಶ್ನೆಯನ್ನು ಮಾತ್ರ ಬಹುಜನರು ಕೇಳಿಕೊಳ್ಳುವುದೇ ಇಲ್ಲ. ಅದರ ಫಲವಾಗಿ ಆರೋಗ್ಯವನ್ನು ಅರಸಿ ಹೋದವರು ಉಳುಕಿದ ಕಾಲು, ಮುರಿದ ಮಣಿಕಟ್ಟಿನೊಡನೆ ಮನೆಗೆ ಮರಳುವ ಪ್ರಸಂಗಗಳೂ ಒದಗುತ್ತವೆ. ಆದ್ದರಿಂದ ಈ ಬಾರಿ ಆ ಎರಡನೆಯ ಪ್ರಶ್ನೆಯನ್ನೇ ವಿಚಾರಿಸೋಣ.

ಆಟದ ಹುಟ್ಟು ಮತ್ತು ಸ್ವರೂಪ

1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್, ಬಿಲ್ ಬೆಲ್ ಮತ್ತು ಬಾರ್ನಿ ಮ್ಯಾಕಲಮ್ ಎಂಬ ಮೂವರು ಮನೆಯವರೆಲ್ಲರೂ ಕೂಡಿ ಆಡಬಹುದಾದ ಆಟವೊಂದನ್ನು ರೂಪಿಸಿದರು. ಹಳೆಯ ಬ್ಯಾಡ್ಮಿಂಟನ್ ಅಂಕಣ, ಟೇಬಲ್ ಟೆನಿಸ್ ಬ್ಯಾಟು, ತೂತುಗಳುಳ್ಳ ಪ್ಲಾಸ್ಟಿಕ್ ಚೆಂಡು, ಇಷ್ಟೇ ಅವರ ಬಳಿ ಇದ್ದ ಸಾಮಗ್ರಿ. ಹೆಸರಿನಲ್ಲಿ ‘ಪಿಕಲ್’ ಇದ್ದರೂ ಉಪ್ಪಿನಕಾಯಿಗೂ ಈ ಆಟಕ್ಕೂ ನೇರ ನಂಟಿಲ್ಲ. ದೋಣಿ ಸ್ಪರ್ಧೆಯಲ್ಲಿ ಉಳಿದ ಹುಟ್ಟುಗಾರರನ್ನೆಲ್ಲ ಸೇರಿಸಿ ಹೂಡುವ ‘ಪಿಕಲ್ ಬೋಟ್’ ಎಂಬ ದೋಣಿಯನ್ನು ನೆನೆದು ಜೋನ್ ಪ್ರಿಚರ್ಡ್ ಈ ಹೆಸರನ್ನಿಟ್ಟರೆಂದು ಅವರ ಕುಟುಂಬದವರು ಹೇಳುತ್ತಾರೆ. ಮನೆಯ ನಾಯಿಯ ಹೆಸರಿನಿಂದ ಬಂದಿತೆಂಬುದು ಇನ್ನೊಂದು ಮಾತು. 2022ರಲ್ಲಿ ಇದು ವಾಷಿಂಗ್ಟನ್ ರಾಜ್ಯದ ಅಧಿಕೃತ ಕ್ರೀಡೆಯಾಯಿತು.

ಅಂಕಣದ ಉದ್ದ 44 ಅಡಿ, ಅಗಲ 20 ಅಡಿ. ಬಲೆಯ ಎತ್ತರ ಅಂಚಿನಲ್ಲಿ 36 ಅಂಗುಲ, ನಡುವೆ 34 ಅಂಗುಲ. ಬಲೆಯ ಎರಡೂ ಬದಿಗೆ ಏಳೇಳು ಅಡಿಯ ಪಟ್ಟಿಯೊಂದಿದ್ದು, ಅದನ್ನು ರೂಢಿಯಲ್ಲಿ ‘ಕಿಚನ್’ ಎನ್ನುತ್ತಾರೆ. ಈ ‘ಅಡುಗೆಮನೆ’ಯೊಳಗೆ ನಿಂತು, ನೆಲಕ್ಕೆ ತಾಗದ ಚೆಂಡನ್ನು ಗಾಳಿಯಲ್ಲಿಯೇ ಹೊಡೆಯುವಂತಿಲ್ಲ. ಸರ್ವ್ ಆದ ಚೆಂಡು ಎದುರಾಳಿಯ ಕಡೆ ಒಮ್ಮೆ ಪುಟಿಯಬೇಕು. ಮರಳಿ ಬಂದ ಚೆಂಡು ಸರ್ವ್ ಮಾಡಿದವರ ಕಡೆಯೂ ಒಮ್ಮೆ ಪುಟಿಯಬೇಕು. ಹೀಗಾಗಿ ತೋಳ್ಬಲವೊಂದರಿಂದಲೇ ಗೆಲ್ಲುವ ದಾರಿ ಮೊದಲಲ್ಲಿಯೇ ಮುಚ್ಚಿಹೋಗುತ್ತದೆ. ಹದಿನೈದರ ಬಾಲಕನೂ ಎಪ್ಪತ್ತರ ಅಜ್ಜಿಯೂ ಒಂದೇ ಅಂಕಣದಲ್ಲಿ ಆಡಬಹುದಾದುದಕ್ಕೆ ಈ ನಿಯಮಗಳೇ ಮುಖ್ಯ ಕಾರಣ.

ಮಟ್ಟವನ್ನು ತಿಳಿಯುವುದೇಕೆ?

ಬಹುಮಟ್ಟಿಗೆ ಈ ಆಟ ನಾಲ್ವರ ಆಟ. ಒಬ್ಬರ ಮಟ್ಟ ಉಳಿದ ಮೂವರಿಗಿಂತ ತೀರ ಕೆಳಗಿದ್ದರೆ ಚೆಂಡೆಲ್ಲವೂ ಅವರತ್ತಲೇ ಬರುತ್ತದೆ. ಜೊತೆಗಾರರು ಅವರ ಪಾಲಿನ ಚೆಂಡಿಗಾಗಿಯೂ ಓಡುತ್ತಾರೆ; ಇಬ್ಬರೂ ಒಂದೇ ಚೆಂಡಿಗೆ ಮುನ್ನುಗ್ಗಿ ಡಿಕ್ಕಿಯಾಗುವುದುಂಟು. ತಮ್ಮ ಕೈಗೆ ಮೀರಿದ ವೇಗದಲ್ಲಿ ಬಂದ ಚೆಂಡು ಕಣ್ಣಿಗೆ ತಗುಲುವುದುಂಟು. ಎಲ್ಲಕ್ಕಿಂತ ಅಪಾಯಕರವಾದದ್ದು, ತಲೆಯ ಮೇಲಿಂದ ಹಾರಿಹೋದ ಚೆಂಡನ್ನು ಹಿಡಿಯಲು ಹಿಂದುಹಿಂದಕ್ಕೆ ಓಡುವುದು. ಹಿಮ್ಮಡಿ ತೊಡರಿ ಬೀಳುವಾಗ ಕೈ ತಾನಾಗಿಯೇ ನೆಲಕ್ಕೆ ಊರುತ್ತದೆ; ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಮೂಳೆ ಸವೆದಿರುವ ವಯಸ್ಸಿನಲ್ಲಿ ಇದರ ಪರಿಣಾಮವೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ತಮ್ಮನ್ನು ತಾವು ತೀರ ಕೀಳಾಗಿ ಎಣಿಸಿಕೊಂಡವರು ಅಂಕಣದ ಬಳಿಗೇ ಸುಳಿಯುವುದಿಲ್ಲ. ಸುಳಿದರೂ ಹೊಸಬರ ಗುಂಪಿನಲ್ಲಿಯೇ ವರ್ಷಗಟ್ಟಲೆ ಉಳಿದು, ಬೇಸರಗೊಂಡು ಬಿಟ್ಟುಬಿಡುತ್ತಾರೆ. ವ್ಯಾಯಾಮವು ಫಲ ನೀಡುವುದು ಬಹುಕಾಲ ಮುಂದುವರಿದಾಗ. ಆಟ ಬಹುಕಾಲ ಮುಂದುವರಿಯಬೇಕಾದರೆ ಅದು ನಮ್ಮ ಅಳವಿಗೆ ಹೊಂದಿರಬೇಕು.

ತನ್ನನ್ನು ತಾನು ಅಳೆಯುವುದು ಏಕೆ ಕಷ್ಟ?

1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ ಒಂದು ಅಧ್ಯಯನವನ್ನು ಪ್ರಕಟಿಸಿದರು. ತರ್ಕ, ವ್ಯಾಕರಣ ಮೊದಲಾದ ವಿಷಯಗಳಲ್ಲಿ ಪರೀಕ್ಷೆ ನಡೆಸಿ, ಪರೀಕ್ಷೆ ಬರೆದವರ ಸ್ವಂತ ಅಂದಾಜನ್ನೂ ಕೇಳಿದರು. ಅತ್ಯಂತ ಕೆಳಗಿನ ಗುಂಪಿನವರು ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಎಣಿಸಿದರೆ ಸರಾಸರಿ 12ನೆಯ ಸ್ಥಾನದಲ್ಲಿದ್ದರು. ತಾವು 62ನೆಯ ಸ್ಥಾನದಲ್ಲಿದ್ದೇವೆಂದು ಅವರು ಭಾವಿಸಿದ್ದರು. ಅತ್ಯಂತ ಮೇಲಿನವರು ತಮ್ಮ ಸ್ಥಾನವನ್ನು ತುಸು ಕಡಿಮೆಯೆಂದೇ ಎಣಿಸಿದ್ದರು. ಒಂದು ಕೆಲಸವನ್ನು ಚೆನ್ನಾಗಿ ಮಾಡಲು ಬೇಕಾದ ತಿಳಿವಳಿಕೆಯೇ ಅದನ್ನು ಚೆನ್ನಾಗಿ ಮಾಡಿದೆವೋ ಇಲ್ಲವೋ ಎಂದು ಅರಿಯಲೂ ಬೇಕಾಗುತ್ತದೆ ಎಂಬುದು ಅವರ ವಿವರಣೆ.

ಆಟದ ಅಂಕಣದಲ್ಲಿ ಇದಕ್ಕೆ ಇನ್ನೂ ಒಂದು ಕಾರಣ ಕೂಡಿಕೊಳ್ಳುತ್ತದೆ. ಬಲೆಯ ಅಂಚನ್ನು ಸವರಿ ಬಿದ್ದ ಒಂದು ಅದ್ಭುತ ಹೊಡೆತ ನಮ್ಮ ನೆನಪಿನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅದೇ ಆಟದಲ್ಲಿ ಬಲೆಗೆ ಹೊಡೆದ ಎಂಟು ಚೆಂಡುಗಳು ಮರುದಿನವೇ ಮರೆತುಹೋಗುತ್ತವೆ. ಮಟ್ಟವೆಂದರೆ ನಮ್ಮ ಅತ್ಯುತ್ತಮ ಹೊಡೆತವಲ್ಲ. ಹತ್ತು ಸಲ ಮಾಡಿದರೆ ಏಳೆಂಟು ಸಲ ಕೈಗೂಡುವಂಥದು ಯಾವುದೋ ಅದೇ ನಮ್ಮ ಮಟ್ಟ.

ಅಂಕಿಗಳ ಅರ್ಥ

ಈ ಆಟದಲ್ಲಿ ಮಟ್ಟವನ್ನು ಅಂಕಿಗಳಿಂದ ಸೂಚಿಸುವ ಪದ್ಧತಿ ಬಳಕೆಯಲ್ಲಿದೆ. ಅಮೆರಿಕದ ರಾಷ್ಟ್ರೀಯ ಸಂಸ್ಥೆಯಾದ ಯುಎಸ್‌ಎ ಪಿಕಲ್‌ಬಾಲ್ ಪ್ರತಿಯೊಂದು ಮಟ್ಟದ ಲಕ್ಷಣಗಳನ್ನೂ ವಿವರಿಸಿದೆ. ಅವುಗಳ ಸಾರಾಂಶ ಹೀಗಿದೆ.

2.0 ಮತ್ತು ಅದಕ್ಕಿಂತ ಕೆಳಗಿನವರು ಈಗಷ್ಟೇ ನಿಯಮಗಳನ್ನು ಕಲಿಯುತ್ತಿರುವವರು. 2.5ರ ಆಟಗಾರರು ತಮ್ಮಂತೆಯೇ ಇರುವವರೊಡನೆ ಚೆಂಡನ್ನು ಕೆಲವು ಸಲ ಆಚೀಚೆ ಕಳಿಸಬಲ್ಲರು. ಅಂಕ ಎಣಿಸುವುದನ್ನು ತಕ್ಕಮಟ್ಟಿಗೆ ಬಲ್ಲರು. ಜೋಡಿಯಾಟದಲ್ಲಿ ಸರ್ವ್ ಮಾಡುವವರ ಅಂಕ, ಎದುರಾಳಿಗಳ ಅಂಕ, ತಾವು ಒಂದನೆಯ ಸರ್ವರೋ ಎರಡನೆಯವರೋ ಎಂಬ ಮೂರು ಸಂಖ್ಯೆಗಳನ್ನು ಪ್ರತಿ ಸಲವೂ ಕೂಗಬೇಕಾದುದರಿಂದ ಇದೂ ಕಲಿಯಬೇಕಾದ ಸಂಗತಿಯೇ.

3.0ರವರಿಗೆ ಆಟದ ಮೂಲಾಂಶಗಳು ತಿಳಿದಿರುತ್ತವೆ. ಫೋರ್‌ಹ್ಯಾಂಡಿನಿಂದ ಸಾಧಾರಣ ವೇಗದಲ್ಲಿ ಹೊಡೆಯಬಲ್ಲರು, ಆದರೆ ಬಯಸಿದ ಕಡೆಗೆ ಕಳಿಸಲಾರರು. ಬ್ಯಾಕ್‌ಹ್ಯಾಂಡಿಗೆ ಬಂದ ಚೆಂಡನ್ನು ಸಾಧ್ಯವಾದಷ್ಟೂ ತಪ್ಪಿಸಿಕೊಳ್ಳುತ್ತಾರೆ. 3.5ರವರಲ್ಲಿ ಹಿಡಿತ ಕಾಣತೊಡಗುತ್ತದೆ. ಸರ್ವ್ ಮತ್ತು ರಿಟರ್ನ್ ಬಹುಮಟ್ಟಿಗೆ ಅಂಕಣದೊಳಗೇ ಬೀಳುತ್ತವೆ. ಕಿಚನ್ನಿನಿಂದ ಕಿಚನ್ನಿಗೆ ಮೆಲ್ಲನೆ ಚೆಂಡನ್ನು ದಾಟಿಸುವ ‘ಡಿಂಕ್’ ಸಾಧ್ಯವಾಗುತ್ತದೆ, ಎತ್ತರದ ಮೇಲೆ ಮಾತ್ರ ಪೂರ್ಣ ಹತೋಟಿ ಇರುವುದಿಲ್ಲ. 4.0ರವರು ಎರಡೂ ಬದಿಯಿಂದ ಆಳವಾಗಿಯೂ ಗುರಿಯಿಟ್ಟೂ ಹೊಡೆಯುತ್ತಾರೆ. ಯಾವ ಚೆಂಡಿಗೆ ಕಾಯಬೇಕು, ಯಾವುದನ್ನು ಬಲವಾಗಿ ಹೊಡೆಯಬೇಕು ಎಂಬ ವಿವೇಕ ಅವರಿಗಿರುತ್ತದೆ. 4.5 ಮತ್ತು 5.0ರವರು ಸ್ಪರ್ಧೆಗಳಲ್ಲಿ ನುರಿತವರು. ಅವರ ವಿಚಾರ ಇಲ್ಲಿ ಬೇಡ.

ಇದಲ್ಲದೆ ‘ಡ್ಯೂಪರ್’ ಎಂಬ ಇನ್ನೊಂದು ಪದ್ಧತಿಯಿದೆ. ಇದರಲ್ಲಿ ಆಡಿದ ಪಂದ್ಯಗಳ ಫಲಿತಾಂಶ ಹಾಗೂ ಎದುರಾಳಿಗಳ ಮಟ್ಟವನ್ನು ಲೆಕ್ಕಹಾಕಿ 2.000ದಿಂದ 8.000ದವರೆಗೆ ಅಂಕಿಯನ್ನು ನೀಡಲಾಗುತ್ತದೆ. ಎರಡರ ಅಳತೆಗೋಲು ಬೇರೆಯಾದುದರಿಂದ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸುವುದು ಸರಿಯಲ್ಲ.

ಮನೆಯವರೊಡನೆ ಮಾಡಿನೋಡಬಹುದಾದ ಪರೀಕ್ಷೆಗಳು

ಲಕ್ಷಣಗಳನ್ನು ಓದಿದಾಗ ಎಲ್ಲರಿಗೂ ತಾವು 3.5 ಎಂದೇ ತೋರುತ್ತದೆ. ಆದ್ದರಿಂದ ಎಣಿಸಿ ನೋಡುವುದು ಮೇಲು. ಕೆಳಗಿನ ಸಂಖ್ಯೆಗಳು ಯಾವ ಸಂಸ್ಥೆಯ ನಿಯಮಗಳೂ ಅಲ್ಲ. ಅನುಕೂಲಕ್ಕಾಗಿ ನಾವು ಇಟ್ಟುಕೊಳ್ಳಬಹುದಾದ ಅಳತೆಗಳು.

ಮೊದಲನೆಯದು ಸರ್ವ್. ಬಲದಿಂದ ಹತ್ತು, ಎಡದಿಂದ ಹತ್ತು ಸರ್ವ್ ಮಾಡಿ. ಇಪ್ಪತ್ತರಲ್ಲಿ ಹನ್ನೆರಡಕ್ಕಿಂತ ಕಡಿಮೆ ಸರಿಬಿದ್ದರೆ 2.5 ಎಂದುಕೊಳ್ಳಿ. ಹದಿನಾರು ಬಿದ್ದರೆ 3.0. ಅವುಗಳಲ್ಲಿ ಅರ್ಧದಷ್ಟು ಹಿಂಗೆರೆಯಿಂದ ಐದಡಿಯೊಳಗೆ ಬಿದ್ದರೆ 3.5ರ ಸರ್ವ್ ನಿಮ್ಮದು.

ಎರಡನೆಯದು ಡಿಂಕ್. ಇಬ್ಬರೂ ಕಿಚನ್ನಿನ ಗೆರೆಯ ಹಿಂದೆ ನಿಂತು ಓರೆಯಾಗಿ ಮೆಲ್ಲನೆ ಚೆಂಡನ್ನು ಕಳಿಸುತ್ತಿರಿ. ತಪ್ಪಾಗುವವರೆಗೆ ಎಷ್ಟು ಸಲ ದಾಟಿತೆಂದು ಎಣಿಸಿ, ಹತ್ತು ಪ್ರಯತ್ನಗಳ ಸರಾಸರಿ ತೆಗೆಯಿರಿ. ಐದರೊಳಗಾದರೆ 3.0 ಅಥವಾ ಅದಕ್ಕಿಂತ ಕಡಿಮೆ. ಹತ್ತರ ಸುಮಾರಿಗೆ 3.5, ಇಪ್ಪತ್ತನ್ನು ಮುಟ್ಟಿದರೆ 4.0ರ ಹೊಸ್ತಿಲು.

ಮೂರನೆಯದು, ಈ ಆಟದ ಹೃದಯವೆನ್ನಬಹುದಾದ ಮೂರನೆಯ ಹೊಡೆತ. ಸರ್ವ್ ಮಾಡಿದವರು ಹಿಂಗೆರೆಯಲ್ಲಿರುತ್ತಾರೆ, ಎದುರಾಳಿಗಳು ಆಗಲೇ ಬಲೆಯ ಬಳಿಗೆ ಬಂದಿರುತ್ತಾರೆ. ಆಗ ಚೆಂಡನ್ನು ಮೃದುವಾಗಿ ಎದುರಿನ ಕಿಚನ್ನಿನೊಳಗೆ ಇಳಿಸಿದರೆ ಮಾತ್ರ ಮುಂದೆ ಬರಲು ಸಮಯ ದೊರೆಯುತ್ತದೆ. ಹಿಂಗೆರೆಯಲ್ಲಿ ನಿಂತು ಹತ್ತು ಸಲ ಪ್ರಯತ್ನಿಸಿ. ಎರಡು ಮೂರು ಬಿದ್ದರೆ 3.0, ಐದು ಬಿದ್ದರೆ 3.5, ಏಳು ಬಿದ್ದರೆ 4.0.

ನಾಲ್ಕನೆಯದು ತಪ್ಪುಗಳ ಲೆಕ್ಕ. ಹನ್ನೊಂದು ಅಂಕಗಳ ಒಂದು ಆಟದಲ್ಲಿ ಎದುರಾಳಿಯ ಒತ್ತಡವಿಲ್ಲದೆ ನಾವಾಗಿಯೇ ಬಲೆಗೋ ಹೊರಕ್ಕೋ ಹೊಡೆದ ಚೆಂಡುಗಳೆಷ್ಟು? ಈ ಎಣಿಕೆಯನ್ನು ಆಡದೆ ಕುಳಿತವರಿಗೆ ಒಪ್ಪಿಸುವುದು ಒಳಿತು. ಮೊಬೈಲಿನಲ್ಲಿ ಒಂದು ಆಟವನ್ನು ಚಿತ್ರೀಕರಿಸಿಕೊಂಡು ನೋಡುವುದು ಇನ್ನೂ ಒಳಿತು. ನೋಡುವಾಗ ಚೆಂಡನ್ನಲ್ಲ, ನಮ್ಮ ಪಾದಗಳನ್ನು ಗಮನಿಸಬೇಕು. ಹೊಡೆಯುವ ಕ್ಷಣದಲ್ಲಿ ಕಾಲು ನಿಂತಿದೆಯೋ ಓಡುತ್ತಲೇ ಇದೆಯೋ ಎಂಬುದು ಕೂಡಲೇ ಗೋಚರಿಸುತ್ತದೆ.

ನಾಲ್ಕೂ ಪರೀಕ್ಷೆಗಳಲ್ಲಿ ಬೇರೆ ಬೇರೆ ಅಂಕಿ ಬಂದರೆ ಕೆಳಗಿನದನ್ನೇ ನಮ್ಮ ಮಟ್ಟವೆಂದು ತಿಳಿಯುವುದು ಕ್ಷೇಮ. ಎದುರಾಳಿಗಳು ಹುಡುಕುವುದು ನಮ್ಮ ದುರ್ಬಲ ಹೊಡೆತವನ್ನೇ.

ದೇಹದ ಮಟ್ಟವೂ ಇದೆ

ಕೈಗೆ ಒಂದು ಮಟ್ಟವಿದ್ದಂತೆ ಕಾಲಿಗೂ ಹೃದಯಕ್ಕೂ ಒಂದೊಂದು ಮಟ್ಟವಿದೆ. ಯೌವನದಲ್ಲಿ ಬ್ಯಾಡ್ಮಿಂಟನ್ ಅಥವಾ ಟೆನಿಸ್ ಆಡಿದವರ ಕೈ ಬೇಗನೆ 3.5ಕ್ಕೆ ಏರುತ್ತದೆ, ಇಪ್ಪತ್ತು ವರ್ಷ ಕುಳಿತೇ ಕೆಲಸ ಮಾಡಿದ ಕಾಲು ಅಷ್ಟು ಬೇಗ ಏರುವುದಿಲ್ಲ. ಗಾಯಗಳು ಹೆಚ್ಚಾಗಿ ಈ ಅಂತರದಲ್ಲಿಯೇ ಹುಟ್ಟುತ್ತವೆ.

ಕುರ್ಚಿಯ ಪರೀಕ್ಷೆ ಸರಳವಾದದ್ದು. ಗೋಡೆಗೆ ತಾಗಿಸಿಟ್ಟ ಕುರ್ಚಿಯಲ್ಲಿ ಕೈಗಳನ್ನು ಎದೆಯ ಮೇಲೆ ಕಟ್ಟಿ ಕುಳಿತು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರೆಂದು ಎಣಿಸಿ. 60ರಿಂದ 64ರ ವಯಸ್ಸಿನ ಪುರುಷರು 14ಕ್ಕಿಂತ, ಮಹಿಳೆಯರು 12ಕ್ಕಿಂತ ಕಡಿಮೆ ಸಲ ಎದ್ದರೆ ಅದನ್ನು ಸರಾಸರಿಗಿಂತ ಕೆಳಗೆಂದು ಪರಿಗಣಿಸಲಾಗುತ್ತದೆ. 70ರಿಂದ 74ರವರಿಗೆ ಈ ಸಂಖ್ಯೆ ಕ್ರಮವಾಗಿ 12 ಮತ್ತು 10.

ಇನ್ನೊಂದು, ಒಂಟಿಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲುವುದು. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಸಾಧ್ಯವಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಅಂಥವರಲ್ಲಿ ಮರಣ ಪ್ರಮಾಣವೂ ಹೆಚ್ಚಿತ್ತು. ನಿಲ್ಲಲಾಗದಿರುವುದೇ ಸಾವಿಗೆ ಕಾರಣವೆಂದು ಇದರರ್ಥವಲ್ಲ; ಸಮತೋಲನವು ಒಟ್ಟು ಆರೋಗ್ಯದ ಒಂದು ಸೂಚಕವೆಂದಷ್ಟೇ ತಿಳಿಯಬೇಕು. ಈ ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬರಿರಲಿ, ಕೈಗೆಟಕುವಂತೆ ಗೋಡೆಯಿರಲಿ.

ಆಡುವಾಗ ಉಸಿರಿನ ಅಳತೆಯೂ ಇದೆ. ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಂತಿದ್ದರೆ ಅದು ಮಧ್ಯಮ ಶ್ರಮ. ನಾಲ್ಕು ಮಾತಾಡುವಷ್ಟರಲ್ಲಿ ಏದುಸಿರು ಬಂದರೆ ಕುಳಿತು ದಣಿವಾರಿಸಿಕೊಳ್ಳಬೇಕು. ಎದೆನೋವು, ತಲೆಸುತ್ತು ಕಾಣಿಸಿದರೆ ಆಟವನ್ನು ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಅಥವಾ ಮಂಡಿನೋವು ಉಳ್ಳವರು ಆಟ ಆರಂಭಿಸುವ ಮೊದಲೇ ವೈದ್ಯರ ಸಲಹೆ ಪಡೆಯುವುದು ಅಗತ್ಯ.

ತಿಳಿದ ಮೇಲೆ ಮಾಡಬೇಕಾದುದು

ಮಟ್ಟವನ್ನು ಅರಿತವರು ಅದಕ್ಕೆ ತಕ್ಕ ಗುಂಪನ್ನು ಆರಿಸಿಕೊಳ್ಳಬೇಕು. ವಾರದ ಹೆಚ್ಚಿನ ದಿನ ಸಮಾನರೊಡನೆ, ಒಂದು ದಿನ ತಮಗಿಂತ ಸ್ವಲ್ಪ ಮೇಲಿನವರೊಡನೆ, ಒಂದು ದಿನ ಹೊಸಬರೊಡನೆ ಆಡುವುದು ಉತ್ತಮ ಕ್ರಮ. ಮೇಲಿನವರಿಂದ ಕಲಿಯುತ್ತೇವೆ, ಹೊಸಬರಿಗೆ ಕಲಿಸುವಾಗ ಕಲಿತದ್ದು ಗಟ್ಟಿಯಾಗುತ್ತದೆ. ‘ನಿಮ್ಮ ಮಟ್ಟ ಎಷ್ಟು?’ ಎಂದು ಯಾರಾದರೂ ಕೇಳಿದರೆ ಇದ್ದುದನ್ನೇ ಹೇಳಬೇಕು. ಹೆಚ್ಚಿಸಿ ಹೇಳಿದರೆ ಜೊತೆಗಾರರಿಗೆ ಹೊರೆ, ತಗ್ಗಿಸಿ ಹೇಳಿದರೆ ಎದುರಾಳಿಗಳಿಗೆ ಅನ್ಯಾಯ.

ಅಂಕಣಕ್ಕೆ ಇಳಿಯುವ ಮುನ್ನ ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳುವುದು, ಅಡ್ಡ ಚಲನೆಗೆ ಆಧಾರ ನೀಡುವ ಅಂಕಣದ ಶೂ ಧರಿಸುವುದು, ತಲೆಯ ಮೇಲೆ ಹೋದ ಚೆಂಡಿಗೆ ಹಿಂದಕ್ಕೆ ಹೆಜ್ಜೆಯಿಡದೆ ಪಕ್ಕಕ್ಕೆ ತಿರುಗಿ ಓಡುವುದು, ಅದು ಸಾಧ್ಯವಾಗದಿದ್ದರೆ ಆ ಅಂಕವನ್ನು ಬಿಟ್ಟುಕೊಡುವುದು, ಇವು ಎಲ್ಲ ಮಟ್ಟದವರಿಗೂ ಅನ್ವಯಿಸುವ ಮಾತುಗಳು. ಒಂದು ಅಂಕ ಹೋದರೆ ಮುಂದಿನ ಆಟದಲ್ಲಿ ಗಳಿಸಬಹುದು. ಮುರಿದ ಮೂಳೆ ಕೂಡಲು ತಿಂಗಳುಗಳೇ ಬೇಕು.

ಪರೀಕ್ಷೆಯ ದಿನ ಬಂದ ಸಂಖ್ಯೆಗಳನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಅವೇ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಪುನಃ ಮಾಡಿನೋಡಿ. ಸರ್ವ್‌ನ ಸಂಖ್ಯೆ ಏರದಿದ್ದರೂ ಕುರ್ಚಿಯಿಂದ ಏಳುವ ಸಂಖ್ಯೆ ಎರಡು ಹೆಚ್ಚಿದ್ದರೆ, ಆಟದಿಂದ ಬರಬೇಕಾದ ಲಾಭ ಬಂದಿದೆಯೆಂದೇ ತಿಳಿಯಬೇಕು.