ಆಮೆಗಳ ಕೆಳಗೆ ಈಜಿದ ಮೀನು

‘ಗಿರಿಜಮ್ಮ ಕೊಡೆ ಮಡಚಿ ಮೂಲೆಗಿಟ್ಟರು. ನೆಲವೆಲ್ಲ ಒದ್ದೆಯಾಯಿತು.’ ಹೊರಗೆ ಮಳೆ ಸುರಿಯುತ್ತಿತ್ತೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಎರಡು ವಾಕ್ಯಗಳಲ್ಲಿ ಮಳೆಯ ಮಾತೇ ಇಲ್ಲ. ಅದನ್ನು ತಂದು ಸೇರಿಸಿದ್ದು ನಮ್ಮ ಮನಸ್ಸು, ಅದೂ ನಮ್ಮನ್ನು ಕೇಳದೆ.

ಹೀಗೆ ಸೇರಿಸಿದ್ದು ಮುಂದೆ ನೆನಪಿನಲ್ಲಿ ಏನಾಗುತ್ತದೆ? 1972ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಬ್ರ್ಯಾನ್ಸ್‌ಫರ್ಡ್ ಮತ್ತು ಇಬ್ಬರು ಸಹೋದ್ಯೋಗಿಗಳು ಇದನ್ನು ಸರಳ ಪ್ರಯೋಗವೊಂದರಲ್ಲಿ ನೋಡಿದರು. ತೇಲುವ ದಿಮ್ಮಿಯ ಮೇಲೆ ಮೂರು ಆಮೆಗಳು ಕೂತಿದ್ದವು, ಆಮೆಗಳ ಕೆಳಗೆ ಮೀನೊಂದು ಈಜಿಹೋಯಿತು ಎಂಬರ್ಥದ ವಾಕ್ಯವನ್ನು ಜನರಿಗೆ ಕೇಳಿಸಿದರು. ಆಮೇಲೆ ‘ಆಮೆಗಳ ಕೆಳಗೆ’ ಎಂಬಲ್ಲಿ ‘ದಿಮ್ಮಿಯ ಕೆಳಗೆ’ ಎಂದು ಬದಲಿಸಿ, ಇದೇ ವಾಕ್ಯವನ್ನು ಕೇಳಿದ್ದಿರಾ ಎಂದು ವಿಚಾರಿಸಿದರೆ, ಹೌದು ಎನ್ನುವವರೇ ಹೆಚ್ಚು. ಆಮೆಗಳು ದಿಮ್ಮಿಯ ಪಕ್ಕದಲ್ಲಿದ್ದವು ಎಂದು ಹೇಳಿದ್ದಾಗ ಮಾತ್ರ ಬದಲಾವಣೆ ಸುಲಭವಾಗಿ ಗೊತ್ತಾಗುತ್ತಿತ್ತು. ಅಂದರೆ ನಾವು ನೆನಪಿಡುವುದು ಪದಗಳನ್ನಲ್ಲ, ಪದಗಳಿಂದ ಕಟ್ಟಿಕೊಂಡ ಚಿತ್ರವನ್ನು. ಓದಿದ್ದು ಯಾವುದು, ಊಹಿಸಿದ್ದು ಯಾವುದು ಎಂಬ ಬೆಸುಗೆಯ ಗುರುತು ಆ ಚಿತ್ರದಲ್ಲಿ ಉಳಿಯುವುದಿಲ್ಲ.

ದಿನನಿತ್ಯದ ಬದುಕಿಗೆ ಇದು ವರ. ಪರೀಕ್ಷೆಯ ಇನ್ಫರೆನ್ಸ್ ಪ್ರಶ್ನೆಯಲ್ಲಿ ಇದೇ ಕಾಲಿಗೆ ತೊಡರುತ್ತದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ 2011ರಲ್ಲಿ ಸೇರಿದ ಸಿಸ್ಯಾಟ್ ಪತ್ರಿಕೆಯನ್ನೇ ನೋಡಿ: 80 ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ತೇರ್ಗಡೆಗೆ ಶೇ. 33 ಸಾಕು, ಆದರೂ ಅಲ್ಲೇ ಎಡವುವವರಿದ್ದಾರೆ. ಅಲ್ಲಿನ ಅನೇಕ ಪ್ಯಾಸೇಜ್‌ಗಳ ಕೊನೆಗೆ, ಇದರಿಂದ ಹೊರಡುವ ಅತ್ಯಂತ ತಾರ್ಕಿಕವಾದ ನಿರ್ಣಯ ಯಾವುದು ಎಂಬ ಪ್ರಶ್ನೆ ಇರುತ್ತದೆ.

ಉದಾಹರಣೆಗೆ ನಾನೇ ಕಟ್ಟಿದ ಪುಟ್ಟ ಪ್ಯಾಸೇಜ್ ಇದು: ‘ತಾಲ್ಲೂಕಿನ ಬಹುಪಾಲು ರೈತರು ಹನಿ ನೀರಾವರಿಗೆ ಬದಲಾದರು. ಎಕರೆಗೆ ಬಳಸುವ ನೀರು ಕಡಿಮೆಯಾಯಿತು. ಮೂರು ವರ್ಷ ಕಳೆದರೂ ಅಂತರ್ಜಲ ಮೇಲೇರಲಿಲ್ಲ.’ ಆಯ್ಕೆಗಳು ನಾಲ್ಕು. ಒಂದು, ಹನಿ ನೀರಾವರಿಯಿಂದ ನೀರು ಉಳಿಯುವುದಿಲ್ಲ. ಎರಡು, ಉಳಿದ ನೀರನ್ನು ರೈತರು ಇನ್ನಷ್ಟು ಜಮೀನಿಗೆ ಹಾಯಿಸಿದರು. ಮೂರು, ಹೊಸ ಕೊಳವೆಬಾವಿಗಳನ್ನು ಸರ್ಕಾರ ನಿಷೇಧಿಸಬೇಕು. ನಾಲ್ಕು, ಎಕರೆಯ ಲೆಕ್ಕದಲ್ಲಿ ಬಳಕೆ ತಗ್ಗಿದ ಮಾತ್ರಕ್ಕೆ ಅಂತರ್ಜಲ ಏರಿಯೇ ಏರುತ್ತದೆ ಎನ್ನಲಾಗದು.

ಮೊದಲನೆಯದು ಎರಡನೇ ವಾಕ್ಯಕ್ಕೇ ವಿರುದ್ಧ. ಮೂರನೆಯದು ಸಲಹೆ, ನಿರ್ಣಯವಲ್ಲ. ಜಾಣರು ಸಿಕ್ಕಿಬೀಳುವುದು ಎರಡನೆಯದರಲ್ಲಿ. ಹಳ್ಳಿಯನ್ನು ಬಲ್ಲವರಿಗೆ ಅದು ನಿಜವೆಂದೇ ತೋರುತ್ತದೆ. ಹಾಗೆ ಆಗುವುದೂ ಉಂಟು. ಆದರೆ ಮಳೆಯೇ ಕೈಕೊಟ್ಟಿರಬಹುದು, ಪಕ್ಕದ ತಾಲ್ಲೂಕು ನೀರೆತ್ತಿರಬಹುದು. ಎರಡನೆಯ ಆಯ್ಕೆ ಸುಳ್ಳೆಂದು ಇಟ್ಟುಕೊಳ್ಳಿ: ಪ್ಯಾಸೇಜ್‌ನ ಮೂರು ವಾಕ್ಯಗಳಿಗೂ ಏನೂ ಆಗುವುದಿಲ್ಲ. ನಾಲ್ಕನೆಯದು ಸುಳ್ಳೆಂದು ಇಟ್ಟುಕೊಳ್ಳಿ: ಬಳಕೆ ತಗ್ಗಿತು, ನೀರು ಏರಲಿಲ್ಲ ಎಂಬ ಸಂಗತಿಯೇ ಎದುರು ನಿಲ್ಲುತ್ತದೆ. ಉತ್ತರ ನಾಲ್ಕು.

ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಇಂಥ ನಿರ್ಣಯವನ್ನೇ ‘ಅನುಮಾನ’ ಎಂದು ಕರೆದರು. ಆಡುಮಾತಿನಲ್ಲಿ ಆ ಪದಕ್ಕೆ ಸಂಶಯವೆಂಬ ಅರ್ಥ ಅಂಟಿಕೊಂಡದ್ದು ನನಗೆ ಬೇಸರದ ಸಂಗತಿ, ಏಕೆಂದರೆ ಅವರ ಅನುಮಾನದಲ್ಲಿ ಸಂಶಯಕ್ಕೆ ಜಾಗವಿರಲಿಲ್ಲ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಇರುವಲ್ಲೆಲ್ಲ ಹೊಗೆ ಇದೆ ಎನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿದೆ? ನಮ್ಮ ಎರಡನೇ ಆಯ್ಕೆಯೂ ಇಂಥದ್ದೇ. ಜಮೀನು ಹೆಚ್ಚಿದ್ದರೆ ಅಂತರ್ಜಲ ಏರದಿರುವುದು ಸಹಜ. ಏರಲಿಲ್ಲವೆಂಬುದರಿಂದ ಜಮೀನು ಹೆಚ್ಚಿತೆಂದು ಹೇಳಲಾಗದು.

ಹಾಗಾದರೆ ಅಭ್ಯಾಸ ಹೇಗೆ? ರಾಶಿ ರಾಶಿ ಪತ್ರಿಕೆ ಬಿಡಿಸುವುದಕ್ಕಿಂತ, ತಪ್ಪಾದ ಪ್ರಶ್ನೆಯ ಮುಂದೆ ಕೂರುವುದರಲ್ಲಿ ನನಗೆ ಹೆಚ್ಚು ನಂಬಿಕೆ. ನೀವು ಆರಿಸಿದ ಉತ್ತರಕ್ಕೆ ಯಾವ ಸಾಲು ಆಧಾರವಾಗಿತ್ತೆಂದು ಬೆರಳಿಟ್ಟು ತೋರಿಸಿ. ನೆನಪಿನಿಂದ ಹೇಳಬೇಡಿ, ಆಮೆಗಳ ಕಥೆ ಗೊತ್ತಲ್ಲ. ಸಾಲು ಸಿಗದಿದ್ದರೆ, ಮನಸ್ಸು ಏನನ್ನು ಸೇರಿಸಿತ್ತೆಂದು ಪಕ್ಕದಲ್ಲಿ ಬರೆದಿಡಿ. ಒಬ್ಬರು ‘ಕೆಲವು’ ಎಂದಿದ್ದನ್ನು ‘ಎಲ್ಲ’ ಎಂದು ಓದುತ್ತಾರೆ. ಇನ್ನೊಬ್ಬರಿಗೆ ಒಂದಾದ ಮೇಲೆ ಒಂದು ನಡೆದದ್ದೆಲ್ಲ ಕಾರಣವಾಗಿಯೇ ಕಾಣುತ್ತದೆ. ಮತ್ತೊಬ್ಬರು ತಮ್ಮ ಅಭಿಪ್ರಾಯವನ್ನು ಲೇಖಕರ ಬಾಯಲ್ಲಿ ಹೇಳಿಸುತ್ತಾರೆ. ನಲವತ್ತು ಐವತ್ತು ತಪ್ಪುಗಳ ನಂತರ ನಿಮ್ಮ ಚಾಳಿ ಯಾವುದೆಂದು ಆ ಪಟ್ಟಿಯೇ ಹೇಳುತ್ತದೆ.

ಇಷ್ಟಕ್ಕೇ ಲೋಕಜ್ಞಾನ ಬೇಡವೆಂದುಕೊಳ್ಳಬಾರದು. ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ರೆಕ್ಟ್ ಮತ್ತು ಲೆಸ್ಲಿ ಅವರ ಅಧ್ಯಯನದಲ್ಲಿ, ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಬಲ್ಲ ಮಕ್ಕಳು ಆ ಆಟದ ಬಗೆಗಿನ ಬರಹವನ್ನು, ಚೆನ್ನಾಗಿ ಓದಬಲ್ಲ ಆದರೆ ಆಟ ತಿಳಿಯದ ಮಕ್ಕಳಿಗಿಂತ ಎಷ್ಟೋ ಚೆನ್ನಾಗಿ ಗ್ರಹಿಸಿದರು. ಪ್ಯಾಸೇಜ್ ಅರ್ಥವಾಗುವುದಕ್ಕೆ ತಿಳಿವಳಿಕೆ ಬೇಕೇ ಬೇಕು. ಉತ್ತರಕ್ಕೆ ಅದನ್ನೇ ಆಧಾರ ಮಾಡಿಕೊಳ್ಳುವಂತಿಲ್ಲ, ಅಷ್ಟೆ.

ಸಿಸ್ಯಾಟ್ ಪ್ಯಾಸೇಜ್‌ಗಳು ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರು ಭಾಷೆಯ ಹೊರೆಯನ್ನೂ ತರ್ಕದ ಹೊರೆಯನ್ನೂ ಒಟ್ಟಿಗೇ ಹೊರಬೇಕು. ಇದು ಅನ್ಯಾಯವೆಂದೇ ನನ್ನ ಭಾವನೆ. ಅವರಿಗೆ ನಾನು ಹೇಳುವುದಿಷ್ಟು: ಎರಡು ಹೊರೆಗಳನ್ನೂ ಮೊದಲ ದಿನವೇ ಹೊರಬೇಡಿ. ಕನ್ನಡ ಪತ್ರಿಕೆಯ ಸಂಪಾದಕೀಯದಿಂದ ದಿನಕ್ಕೊಂದು ಪ್ಯಾರಾ ಓದಿ, ಪತ್ರಿಕೆ ಮಡಚಿಟ್ಟು, ಅದರಿಂದ ಖಚಿತವಾಗಿ ಹೊರಡುವ ಒಂದೇ ಮಾತನ್ನು ಬರೆಯಿರಿ. ಮತ್ತೆ ಬಿಚ್ಚಿ, ಅದಕ್ಕೆ ಆಧಾರವಾದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ತಡವರಿಸದ ದಿನ ಇಂಗ್ಲಿಷ್ ಪ್ಯಾಸೇಜ್ ಕೈಗೆತ್ತಿಕೊಳ್ಳಿ.